ಚೌಕ ಬೇಡ

ಹನ್ನೆರಡಕ್ಕೆ ಹನ್ನೆರಡು ಇಟ್ಟರೆ ಲಕ್ಷಣ, ಅಂದರು
ವೇಲಾಯುಧ ಆಚಾರಿ, ಕಿವಿಸಂದಿನ ಪೆನ್ಸಿಲ್ ತೆಗೆದು.
ಬೇಡ, ಅಂದೆ. ಏನು ಬೇಕಾದರೂ ಮಾಡಿ, ಚೌಕ ಬೇಡ.
ಅಡ್ಡಗೋಡೆ ಉದ್ದಗೋಡೆ ಒಂದೇ ಅಳತೆಯಾದರೆ
ಎರಡೂ ಸೇರಿ ಒಂದೇ ಸ್ವರವನ್ನು ಸಾಕುತ್ತವೆ,
ಅದು ಕೊಬ್ಬುತ್ತದೆ,
ಉಳಿದವು ಉಪವಾಸ.

ಅಮ್ಮತ್ತಿಯ ಈ ಕಾಫಿ ಗೋದಾಮನ್ನು
ಅರ್ಧಕ್ಕೆ ಕಡಿದು ನನಗೊಂದು ಕೋಣೆ.
ಎತ್ತರ ಒಂಬತ್ತು, ಅದು ಮೊದಲೇ ಇದ್ದದ್ದು.
ಅಗಲ ಹನ್ನೆರಡು ಅಡಿ ಏಳು ಇಂಚು.
ಉದ್ದ ಹದಿನೇಳು, ಮೇಲೊಂದು ಇಂಚು.
ಒಂದು ಇನ್ನೊಂದರೊಳಗೆ ಸಮನಾಗಿ ಹೋಗಬಾರದು,
ಅಷ್ಟೇ ಗುಟ್ಟು.
ಆಚಾರಿ ಹಲಗೆಯ ಮೇಲೆ ತಮ್ಮ ಆಯದ ಲೆಕ್ಕ ಹಾಕಿದರು,
ಭಾಗಿಸಿದರು, ಉಳಿದದ್ದನ್ನು ಬೆರಳಲ್ಲಿ ಎಣಿಸಿದರು,
ತುಸು ಹೊತ್ತು ಸುಮ್ಮನಿದ್ದು,
ನಿಮ್ಮ ಇಂಚಿಗೆ ನಮ್ಮ ಶಾಸ್ತ್ರದ ತಕರಾರಿಲ್ಲ, ಅಂದರು.
ಎರಡು ಕುರುಡು ದಾರಿ ಒಂದೇ ಬಾಗಿಲಿಗೆ ಬಂದ ಹಾಗೆ.

ಇಷ್ಟೆಲ್ಲ ಒಂದು ಕ್ಯಾಸೆಟ್ಟಿಗೆ.
ತೊಂಬತ್ತೊಂದರ ಡಿಸೆಂಬರ್, ಬ್ಯಾಂಕಿನ ಬೋನಸ್ಸಿನ ರೆಕಾರ್ಡರ್,
ಬಿದಿರುಗಳಕ್ಕೆ ಕಟ್ಟಿದ ಎರಡು ಮೈಕು.
ಎಡಕ್ಕೆ ಪಳಂಗಪ್ಪ, ಸೋಮಯ್ಯ.
ಬಲಕ್ಕೆ ಮಂದಣ್ಣ ಮತ್ತು ಅವನ ಭಾವ.
ನಾಲ್ಕು ದುಡಿ.
ಈ ಇಬ್ಬರು ಹಾಡಿ ಬಿಟ್ಟ ಸಾಲನ್ನು ಆ ಇಬ್ಬರು ಎತ್ತಿಕೊಳ್ಳಬೇಕು.
ಮೂವತ್ತು ವರ್ಷ
ನಾಲ್ವರನ್ನೂ ಒಂದೇ ಡಬ್ಬಿಯಲ್ಲಿ ತುರುಕಿ ಕೇಳಿದೆ,
ಜೀಪಿನ ಹಿಂದೆ ಮದುವೆಗೆ ಹೊರಟವರ ಹಾಗೆ.

ಸ್ಪೀಕರುಗಳನ್ನು ಗೋಡೆಗೆ ಒರಗಿಸಬೇಡ, ಚೋಂದಮ್ಮ,
ಅದು ಬೀರು ಅಲ್ಲ.
ಹಿಂದೆ ನಾಲ್ಕಡಿ ಗಾಳಿ ಬಿಡು.
ಎರಡರ ನಡುವೆ ಏಳು, ಅಲ್ಲಿಂದ ನನ್ನ ಮೂಗಿಗೂ ಏಳು.
ಮುಖ ತುಸು ನನ್ನ ಕಡೆ ತಿರುಗಿರಲಿ,
ಜಗಳವಾಡಿದವರು ರಾಜಿಗೆ ಬಂದಷ್ಟು, ಹೆಚ್ಚು ಬೇಡ.
ಕುರ್ಚಿ ಕೋಣೆಯ ನಟ್ಟನಡುವೆ ಬೇಡ,
ಅಲ್ಲಿ ಮಂದ್ರ ಸತ್ತು ಬಿದ್ದಿರುತ್ತದೆ.

ಆಮೇಲೆ ನಾದಿನಿ ನಿಲುಗನ್ನಡಿ ಹಿಡಿದು
ಗೋಡೆಗುಂಟ ಏಡಿಯ ಹಾಗೆ ನಡೆದಳು.
ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗ
ಸದ್ದು ಬಡಿದು ಮರಳುವ ಜಾಗ.
ನಿಲ್ಲು, ಅಲ್ಲೇ! ಸೀಮೆಸುಣ್ಣದ ಗುರುತು, ಮೊಳೆ, ಕಂಬಳಿ.
ನಿನ್ನ ತಲೆಕೂದಲು ಕಾಣ್ತಿದೆ, ಬಾಗು, ಅಂದರೆ
ಐವತ್ತೆಂಟರಲ್ಲಿ ಇದೆಲ್ಲ ಬೇಕಿತ್ತಾ ನಿನಗೆ, ಅಂದಳು.
ಬಾಗಿದಳು.

ಆದರೂ ದುಡಿ ಗುಂಯ್ಗುಟ್ಟುತ್ತಿತ್ತು,
ಖಾಲಿ ಟ್ಯಾಂಕಿನ ಮೇಲೆ ಬಡಿದ ಹಾಗೆ.
ಮಂದ್ರ ಮೂಲೆಗಳಲ್ಲಿ ಗುಡ್ಡೆಬಿದ್ದಿತ್ತು.
ಪೇಟೆಯಲ್ಲಿ ಏನೇನೋ ಮಾರುತ್ತಾರಂತೆ ಅದಕ್ಕೆ,
ನುರಿತವರ ಫೋಮು, ಡಾಲರಿನ ಬೆಲೆ.
ನಾವು ಒಣಗಿದ ಚೆರಿ ಮೂಟೆ ತಂದೆವು.
ಮೂಲೆಗೆ ಮೂರರಂತೆ, ಒಂದರ ಮೇಲೊಂದು.
ಗುಂಯ್ ನಿಂತಿತು.
ಕೋಣೆಗೆ ಮಾತ್ರ ಹುಳಿವಾಸನೆ.

ಕತ್ತಲಾದ ಮೇಲೆ ಟೇಪು ಹಾಕಿದೆ.
ಪಳಂಗಪ್ಪ ಕಿಟಕಿಯ ಪಕ್ಕ ಬಂದು ನಿಂತ.
ಸೋಮಯ್ಯ ಅವನಿಗಿಂತ ಅರ್ಧ ಹೆಜ್ಜೆ ಹಿಂದೆ;
ಯಾವಾಗಲೂ ಹಾಗೇ, ನಾಚಿಕೆ.
ಆ ತುದಿಯಲ್ಲಿ ಮಂದಣ್ಣನ ಬಿರುಸು ಬೆರಳು,
ಭಾವನ ದುಡಿ ಕೂದಲೆಳೆಯಷ್ಟು ತಡ.
ಇಷ್ಟು ವರ್ಷ ಅದು ಟೇಪಿನ ದೋಷ ಅಂದುಕೊಂಡಿದ್ದೆ.

ಎರಡನೇ ಸುತ್ತಿನ ಕೊನೆಗೆ
ಸ್ಪೀಕರೇ ಇಲ್ಲದ ಜಾಗದಲ್ಲಿ, ಸರಿಯಾಗಿ ನಡುವೆ,
ಯಾರೋ ಕೆಮ್ಮಿದರು.
ಹತ್ತಿರದಿಂದ. ಎಳೆಯ ಕೆಮ್ಮು, ಸೆರಗಿನಲ್ಲಿ ಅದುಮಿದ್ದು.
ಚೋಂದಮ್ಮ ಬಾಗಿಲ ಕಡೆ ನೋಡಿದಳು.
ನಾನು ನೋಡಲಿಲ್ಲ.
ಆ ರಾತ್ರಿ ಗಳ ಹಿಡಿದು ನಿಂತವಳಿಗೆ ನೆಗಡಿ,
ಇಪ್ಪತ್ತಾರು ವರ್ಷ, ಕೈ ನಡುಗಬಾರದೆಂಬ ಭಯ.
ಹಾಡಿದವರೆಲ್ಲ ಬದಿಗಳಲ್ಲಿ.
ನಟ್ಟನಡುವೆ ಅವಳೊಬ್ಬಳೇ
ಇಷ್ಟು ಕಾಲ ನಿಂತೇ ಇದ್ದಳು.

ಮಂಗಳವಾರ ಕಾಫಿ ಏಜೆಂಟ್ ಉಸ್ಮಾನ್ ಫೋನು:
ರೇಟು ಏರಿದೆ, ಒಳಗೆಷ್ಟಿದೆ?
ಹೊರಗಿನದೆಲ್ಲ ಒಯ್ಯಿ, ಅಂದೆ.
ಒಳಗಿನ ಹನ್ನೆರಡು ಮೂಟೆ ಬಿಟ್ಟು.
ಹುಳ ಬೀಳ್ತದೆ ಅಮ್ಮ, ಯಾತಕ್ಕೆ ಇಟ್ಕೊಳ್ತೀರಿ?
ಕೆಲಸದಲ್ಲಿವೆ, ಅಂದೆ.